ಟ್ರಾಫಿಕ್‌ನಲ್ಲಿ ಗಾಡಿ ನಿಂತರೆ ಆ್ಯಪ್ ತೋರಿಸಿದ ಬಾಡಿಗೆ ಜಾಸ್ತಿ ಆಗುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ಜಯನಗರದಿಂದ ಮಾರತಹಳ್ಳಿಗೆ ಕ್ಯಾಬ್ ಬುಕ್ ಮಾಡುತ್ತೀರಿ. ಆ್ಯಪ್ 382 ರೂಪಾಯಿ ತೋರಿಸುತ್ತದೆ. ಸಿಲ್ಕ್ ಬೋರ್ಡ್ ಹತ್ತಿರ ಬಂದದ್ದೇ ಗಾಡಿ ನಿಂತುಬಿಡುತ್ತದೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಅರ್ಧ ಗಂಟೆ. ಈ ನಿಂತ ಹೊತ್ತಿಗೂ ದುಡ್ಡು ಕೊಡಬೇಕಾ ಅನ್ನೋ ಲೆಕ್ಕ ತಲೆಯಲ್ಲಿ ಶುರುವಾಗುತ್ತದೆ. ನನ್ನ ಮನೆಯವರು, ಆಫೀಸಿನವರು, ಊರಿಂದ ಬರುವ ನೆಂಟರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ಬಲ್ಲದ್ದು ಬೆಂಗಳೂರು. ಹಾಗಾಗಿ ಉದಾಹರಣೆಗಳೆಲ್ಲ ಇಲ್ಲಿಯವೇ.

ಬುಕ್ ಮಾಡುವಾಗ ತೋರಿಸಿದ ಬಾಡಿಗೆ ಟ್ರಾಫಿಕ್‌ನಿಂದ ಬದಲಾಗುತ್ತಾ?

ಕ್ಯಾಬ್ ಆದರೆ, ಸಾಮಾನ್ಯವಾಗಿ ಇಲ್ಲ. ಒಂದೇ ಮೊತ್ತ ತೋರಿಸಿ ಬುಕ್ ಮಾಡಿಸಿಕೊಂಡ ಟ್ರಿಪ್‌ಗೆ ದಿನನಿತ್ಯದ ಟ್ರಾಫಿಕ್ ನೆಪದಲ್ಲಿ ಬಿಲ್ ಏರುವುದಿಲ್ಲ. ಸಿಗ್ನಲ್‌ನಲ್ಲಿ ನಾಲ್ಕು ಸಲ ಕೆಂಪು ದೀಪ ಬಿದ್ದರೂ ಕೊನೆಗೆ ಅದೇ 382 ಬರಬೇಕು.

ಆದರೆ ಇಲ್ಲಿ ಒಂದು ಮಾತು ಗಮನಿಸಿ. ಕಂಪನಿಗಳು ಈ ಮೊತ್ತಕ್ಕೆ ಪೂರ್ತಿ ಗ್ಯಾರಂಟಿ ಕೊಟ್ಟಿರುವುದಿಲ್ಲ. ಉದಾಹರಣೆಗೆ ಊಬರ್‌ನ ಷರತ್ತುಗಳನ್ನೇ ನೋಡಿ. ನೀವು ನಡುವೆ ಸ್ಟಾಪ್ ಸೇರಿಸಿದರೆ, ಇಳಿಯುವ ಜಾಗ ಬದಲಿಸಿದರೆ, ಲೆಕ್ಕಕ್ಕೆ ಹಿಡಿಯದ ಟೋಲ್ ಬಂದರೆ, ದಾರಿ ಅಥವಾ ಪ್ರಯಾಣದ ಹೊತ್ತು ತುಂಬಾ ವ್ಯತ್ಯಾಸವಾದರೆ ದರ ಬದಲಾಗಬಹುದು ಎಂದು ಅಲ್ಲಿದೆ. ಈ 'ತುಂಬಾ ವ್ಯತ್ಯಾಸ' ಅನ್ನುವ ಮಾತಿನಲ್ಲೇ ಗೊಂದಲ ಇರುವುದು. ಎಷ್ಟು ನಿಮಿಷ ಅಂದರೆ 'ತುಂಬಾ'? ಪ್ರಯಾಣಿಕರಿಗೆ ಅದು ಮೊದಲೇ ಗೊತ್ತಾಗುವಂತೆ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಟ್ರಾಫಿಕ್ ಇಷ್ಟಿರುವಾಗ ಅವರು ಮೊದಲೇ ಒಂದು ಮೊತ್ತ ಹೇಗೆ ಹೇಳುತ್ತಾರೆ?

ಟ್ರಾಫಿಕ್ ಆ ಮೊತ್ತದ ಒಳಗೇ ಇರುತ್ತದೆ. ಎಷ್ಟು ದೂರ, ಈ ಹೊತ್ತಿನಲ್ಲಿ ಎಷ್ಟು ನಿಮಿಷ ಹಿಡಿಯಬಹುದು, ಆ ಏರಿಯಾದಲ್ಲಿ ಗಾಡಿ ಎಷ್ಟಿವೆ, ಕೇಳುವವರು ಎಷ್ಟು ಜನ ಅನ್ನುವುದನ್ನೆಲ್ಲ ನೋಡಿ ಬಾಡಿಗೆ ಕಟ್ಟುತ್ತಾರೆ. ಸಂಜೆ 6 ಗಂಟೆಗೆ ಔಟರ್ ರಿಂಗ್ ರೋಡ್ ಹೇಗಿರುತ್ತದೆ ಅನ್ನುವುದು ಆ್ಯಪ್‌ಗೆ ಗೊತ್ತು. ಅದಕ್ಕೇ ಅದೇ ದಾರಿಗೆ ಬೆಳಿಗ್ಗೆ 6ಕ್ಕೆ ಒಂದು ದರ, ಸಂಜೆ 6ಕ್ಕೆ ಇನ್ನೊಂದು.

ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದ ಪ್ರಕಾರ ಬೆಂಗಳೂರಿನಲ್ಲಿ 10 ಕಿ.ಮೀ. ಹೋಗಲು ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕು. ಅಂದರೆ ಇಲ್ಲಿ ನಿಧಾನ ಅನ್ನುವುದು ಅಚಾನಕ್ ಬರುವ ವಿಷಯವೇ ಅಲ್ಲ. ಆ ನಿಧಾನಕ್ಕೆ ನೀವು ಬುಕ್ ಮಾಡುವಾಗಲೇ ಒಪ್ಪಿ ಆಗಿದೆ. ಮತ್ತೊಮ್ಮೆ ಯಾಕೆ ಕೊಡಬೇಕು, ಅಲ್ವಾ?

ಕೆಲವು ವರ್ಷಗಳ ಹಿಂದೆ ನಿಮಿಷಕ್ಕೆ ಇಷ್ಟು ಅಂತ ಬರುತ್ತಿತ್ತಲ್ಲ?

ಹೌದು. ಓಲಾ, ಊಬರ್ ಶುರುವಿನಲ್ಲಿ ಬಿಲ್‌ನಲ್ಲಿ ಮೂಲ ದರ, ಕಿ.ಮೀ. ದರ, ಜೊತೆಗೆ ಪ್ರಯಾಣದ ಹೊತ್ತಿನ ದರ ಬೇರೆ ಬೇರೆ ಇರುತ್ತಿತ್ತು. ಆಗ ಟ್ರಾಫಿಕ್‌ನಲ್ಲಿ ನಿಂತ ಪ್ರತಿ ನಿಮಿಷವೂ ಬಿಲ್‌ಗೆ ಸೇರುತ್ತಿತ್ತು. ಆಮೇಲೆ ಮೊದಲೇ ಪೂರ್ತಿ ಮೊತ್ತ ಹೇಳುವ ಪದ್ಧತಿ ಬಂತು. ಹಳೇ ಅನುಭವ ಇರುವವರಿಗೆ ಇವತ್ತಿಗೂ ಆ ಭಯ ಹೋಗಿಲ್ಲ. ನಮ್ಮ ಚಿಕ್ಕಪ್ಪ ಈಗಲೂ ಜಾಮ್ ಆದ ತಕ್ಷಣ ಇಳಿದು ನಡೆಯೋಣ ಅನ್ನುತ್ತಾರೆ.

ಆದರೂ ನನ್ನ ಬಿಲ್ ಜಾಸ್ತಿ ಬಂತು. ಯಾಕೆ?

ಮೊದಲು ಬಿಲ್ ತೆರೆದು ಸಾಲು ಸಾಲಾಗಿ ಓದಿ. ನಾನು ನೋಡಿದ ಬಿಲ್‌ಗಳಲ್ಲಿ ಹೆಚ್ಚಿನವು ಟ್ರಾಫಿಕ್‌ನಿಂದ ಏರಿದ್ದಲ್ಲ. ಪಿಕಪ್‌ನಲ್ಲಿ ಕಾಯಿಸಿದ್ದಕ್ಕೆ ಬಂದಿರುತ್ತದೆ. ಗಾಡಿ ಗೇಟಿನ ಹತ್ತಿರ ಬಂದಾಗ ನಾವು ಇನ್ನೂ ಚಪ್ಪಲಿ ಹುಡುಕುತ್ತಿರುತ್ತೇವೆ. ಕೆಲವು ನಿಮಿಷ ಪುಕ್ಕಟೆ, ಆಮೇಲೆ ಕಾಯುವ ಶುಲ್ಕ ಶುರು. ಇದು ನಿಜವಾಗಿಯೂ ನಮ್ಮ ಕಡೆಯ ತಡ. ಕೊಡಬೇಕಾದ್ದೇ.

ಎರಡನೆಯದು ಟೋಲ್. ಏರ್‌ಪೋರ್ಟ್‌ಗೆ ಹೋಗಿ ಬರುವವರಿಗೆ ಸಾದಹಳ್ಳಿ ಟೋಲ್ ಗೊತ್ತೇ ಇದೆ. ಬಾಡಿಗೆಯಲ್ಲಿ ಟೋಲ್ ಸೇರಿದೆಯಾ ಇಲ್ವಾ ಅನ್ನುವುದನ್ನು ಬುಕ್ ಮಾಡುವಾಗಲೇ ದರದ ಮೇಲೆ ಒತ್ತಿ ನೋಡಿಬಿಡಿ. ಬಿಲ್‌ನಲ್ಲಿ ಟೋಲ್ ಸೇರಿಸಿದ್ದರೆ ಚಾಲಕರಿಗೆ ಕೈಯಿಂದ ಮತ್ತೆ ಕೊಡಬೇಕಾಗಿಲ್ಲ.

ಮೂರನೆಯದು, "ಸ್ವಲ್ಪ ಮುಂದೆ ಬಿಡಿ ಅಣ್ಣಾ" ಅಂದದ್ದು. ಆ ಸ್ವಲ್ಪ ಮುಂದೆ ಒಂದು ಯು-ಟರ್ನ್ ಆಗಿ ಎರಡು ಕಿ.ಮೀ. ಆಗಿರುತ್ತದೆ. ಹಿಂದಿನ ಟ್ರಿಪ್ ಕ್ಯಾನ್ಸಲ್ ಮಾಡಿದ ಬಾಕಿಯೂ ಈ ಬಿಲ್‌ಗೆ ಸೇರಿರಬಹುದು.

ಇದ್ಯಾವುದೂ ಇಲ್ಲದೆ ಮೊತ್ತ ಏರಿದ್ದರೆ ಆಗ ದೂರು ಕೊಡಿ. ಹೇಗೆ ಅನ್ನುವುದನ್ನು ಕೆಳಗೆ ಬರೆದಿದ್ದೇನೆ.

ಅರ್ಧ ದಾರಿಯಲ್ಲಿ ಬೇಡಿಕೆ ಜಾಸ್ತಿಯಾದರೆ ಸರ್ಜ್ (ಬೇಡಿಕೆ ಹೆಚ್ಚಿದಾಗ ಏರಿಸುವ ದರ) ನನಗೂ ಬೀಳುತ್ತಾ?

ಇಲ್ಲ. ನೀವು ಬುಕ್ ಮಾಡಿದ ಕ್ಷಣದ ದರವೇ ನಿಮ್ಮದು. ಹತ್ತಿದ ಮೇಲೆ ಮಳೆ ಬಂದು ಊರಿಗೆಲ್ಲ ದರ ಏರಿದರೂ ನಿಮಗೆ ಸಂಬಂಧ ಇಲ್ಲ. ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಬೇಡಿಕೆ ಹೆಚ್ಚಿದ ಹೊತ್ತಿನಲ್ಲಿ ಮೂಲ ದರದ ಎರಡು ಪಟ್ಟಿನವರೆಗೆ ತೆಗೆದುಕೊಳ್ಳಬಹುದು ಎಂದಿದೆ. 2020ರ ಮಾರ್ಗಸೂಚಿಯಲ್ಲಿ ಇದು ಒಂದೂವರೆ ಪಟ್ಟು ಇತ್ತು.

ಚಾಲಕರು "ಟ್ರಾಫಿಕ್ ಜಾಸ್ತಿ ಇತ್ತು, ಇನ್ನೂರು ಸೇರಿಸಿ ಕೊಡಿ" ಅಂದರೆ ಕೊಡಬೇಕಾ?

ಕ್ಯಾಬ್‌ನಲ್ಲಿ ಕೊಡಬೇಕಾಗಿಲ್ಲ. ಇದು ನನಗೇ ಆಗಿದೆ. ಒಂದು ಸಂಜೆ ಏರ್‌ಪೋರ್ಟ್‌ಗೆ ಹೊರಟಿದ್ದೆ. ಜೋರು ಮಳೆ. ಹೆಬ್ಬಾಳದಲ್ಲಿ ಗಾಡಿ ಅರ್ಧ ಗಂಟೆ ಅಲುಗಾಡಲಿಲ್ಲ. ವಿಮಾನ ತಪ್ಪುತ್ತದೆ ಅನ್ನೋ ಹೆದರಿಕೆ ನನಗೆ. ಇಳಿಯುವ ಮುಂಚೆ ಚಾಲಕರು, "ಮೇಡಂ, ಇನ್ನೂರು ಸೇರಿಸಿ ಕೊಡಿ, ಈ ಹೊತ್ತಲ್ಲಿ ಇನ್ನೊಂದು ಡ್ಯೂಟಿ ಮುಗಿಸ್ತಿದ್ದೆ" ಅಂದರು. ಆ್ಯಪ್ ನೋಡಿದೆ. ಬುಕ್ ಮಾಡಿದ ಮೊತ್ತವೇ ಇತ್ತು. "ಅಣ್ಣಾ, ಆ್ಯಪ್‌ನಲ್ಲಿ ಇಷ್ಟೇ ಇದೆ, ನೀವೇ ನೋಡಿ" ಅಂತ ತೋರಿಸಿದೆ. ಅವರು ಜಗಳ ಮಾಡಲಿಲ್ಲ. "ನಮಗೂ ಅಷ್ಟೇ ಮೇಡಂ ಬರೋದು" ಅಂದು ಸುಮ್ಮನಾದರು. ನನಗೆ ಆ ಮಾತು ತುಂಬಾ ದಿನ ಕಾಡಿತು. ಅವತ್ತು ನಾನು ನನ್ನ ಇಷ್ಟದಿಂದ ಐವತ್ತು ಕೊಟ್ಟೆ. ಕೊಡಲೇಬೇಕು ಅಂತಲ್ಲ, ಕೊಡಬೇಕು ಅನ್ನಿಸಿತು. ಈ ಎರಡರ ವ್ಯತ್ಯಾಸ ನಿಮಗೂ ಗೊತ್ತಿರಲಿ.

ಕೇಳುವವರ ದನಿ ಬೇರೆಯಾಗಿದ್ದರೆ, ಬೆದರಿಕೆ ಇದ್ದರೆ, ಗಾಡಿಯೊಳಗೆ ಕೂತು ವಾದ ಬೇಡ. ಜನ ಇರುವ ಕಡೆ ಇಳಿಯಿರಿ. ಬ್ಯಾಗ್ ಕೈಗೆ ಬಂದ ಮೇಲೆ ಮಾತಾಡಿ. ಆ್ಯಪ್‌ನಲ್ಲಿ ಸುರಕ್ಷತೆಯ ಬಟನ್ ಇರುತ್ತದೆ. ಪೊಲೀಸ್ ಬೇಕಾದರೆ 112.

ಸರ್ಕಾರ ದರ ನಿಗದಿ ಮಾಡಿದೆಯಲ್ಲ? ಅದರಲ್ಲಿ ಟ್ರಾಫಿಕ್‌ಗೆ ಏನಿದೆ?

ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಸಿಟಿ ಟ್ಯಾಕ್ಸಿಗಳಿಗೂ ಆ್ಯಪ್ ಕ್ಯಾಬ್‌ಗಳಿಗೂ ಒಂದೇ ದರ ಎಂದು ಆದೇಶ ಹೊರಡಿಸಿತು. ಗಾಡಿಯ ಬೆಲೆ ನೋಡಿ ಮೂರು ದರ. 10 ಲಕ್ಷದವರೆಗಿನ ಗಾಡಿಗೆ ಮೊದಲ 4 ಕಿ.ಮೀ.ಗೆ 100 ರೂಪಾಯಿ, ಆಮೇಲೆ ಕಿ.ಮೀ.ಗೆ 24. 10ರಿಂದ 15 ಲಕ್ಷದ ಗಾಡಿಗೆ 115 ಮತ್ತು 28. ಅದಕ್ಕೂ ಮೇಲಿನದಕ್ಕೆ 130 ಮತ್ತು 32. ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಶೇ. 10 ಜಾಸ್ತಿ. ಶೇ. 5 ಜಿಎಸ್‌ಟಿ ಮತ್ತು ಟೋಲ್ ಬೇರೆ.

ಕಾಯುವುದಕ್ಕೆ ಮೊದಲ 5 ನಿಮಿಷ ಪುಕ್ಕಟೆ. ಆಮೇಲೆ ನಿಮಿಷಕ್ಕೆ 1 ರೂಪಾಯಿ.

ಮೇಲಿನ 382 ಈ ಸರ್ಕಾರಿ ದರದಲ್ಲಿ ಹೇಗೆ ಬರುತ್ತದೆ ಅಂತ ಈಗ ಲೆಕ್ಕ ಹಾಕೋಣ. 15 ಕಿ.ಮೀ. ದಾರಿ, ಚಿಕ್ಕ ಗಾಡಿ. ಮೊದಲ 4ಕ್ಕೆ 100. ಉಳಿದ 11ಕ್ಕೆ 264. ಒಟ್ಟು 364. ಜಿಎಸ್‌ಟಿ ಸೇರಿದರೆ 382. ಇನ್ನು ಸಿಲ್ಕ್ ಬೋರ್ಡ್‌ನಲ್ಲಿ 40 ನಿಮಿಷ ನಿಂತಿರಿ ಅನ್ನಿ. ಆ ಪೂರ್ತಿ ಹೊತ್ತನ್ನೂ ಕಾಯುವಿಕೆ ಅಂತಲೇ ಹಿಡಿದರೂ, 5 ಬಿಟ್ಟು 35 ನಿಮಿಷ. ಅಂದರೆ 35 ರೂಪಾಯಿ. ಇನ್ನೂರು ಕೇಳುವುದಕ್ಕೆ ಸರ್ಕಾರಿ ದರದಲ್ಲೂ ಆಧಾರ ಇಲ್ಲ.

ಇದನ್ನೇ ಚಾಲಕರ ಸೀಟಿನಿಂದ ನೋಡಿ. ನಿಮಿಷಕ್ಕೆ 1 ಅಂದರೆ ಗಂಟೆಗೆ 60 ರೂಪಾಯಿ. ಇಂಜಿನ್ ಉರಿಯುತ್ತಿರುತ್ತದೆ, ಏಸಿ ಓಡುತ್ತಿರುತ್ತದೆ, ಕಾಲು ಕ್ಲಚ್ ಮೇಲೆ. ಅವರು ಗೊಣಗುವುದಕ್ಕೆ ಕಾರಣ ಇದೆ. ಆ ಕೊರತೆ ತುಂಬಬೇಕಾದ್ದು ದರ ಕಟ್ಟುವವರು. ಹಿಂದೆ ಕೂತ ಪ್ರಯಾಣಿಕರಿಂದ ಬೀದಿಯಲ್ಲಿ ವಸೂಲಿ ಆಗುವಂತೆ ಬಿಡಬಾರದು.

ಆಟೋ ಬುಕ್ ಮಾಡಿದರೂ ಇದೇ ನಿಯಮವಾ?

ಇಲ್ಲ. ಹೆಚ್ಚು ಜನ ಎಡವುವುದು ಇಲ್ಲೇ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಈಗ ಆಟೋಗಳಲ್ಲಿ ಕಮಿಷನ್ ಪದ್ಧತಿ ಹೋಗಿ ಚಂದಾ ಪದ್ಧತಿ ಬಂದಿದೆ. ಅಂದರೆ ಆ್ಯಪ್ ಪ್ರತಿ ಬಾಡಿಗೆಯಲ್ಲಿ ಪಾಲು ಹಿಡಿಯುವ ಬದಲು ಚಾಲಕರಿಂದ ಗೊತ್ತಾದ ಚಂದಾ ತೆಗೆದುಕೊಳ್ಳುತ್ತದೆ. 2022ರ ನವೆಂಬರ್‌ನಲ್ಲಿ ಶುರುವಾದ 'ನಮ್ಮ ಯಾತ್ರಿ' ಆ್ಯಪ್ ಈ ದಾರಿ ತೋರಿಸಿತು. 2023ರಲ್ಲಿ ಅದು ಚಾಲಕರಿಂದ ದಿನಕ್ಕೆ 25 ರೂಪಾಯಿ ತೆಗೆದುಕೊಳ್ಳಲು ಶುರು ಮಾಡಿತು. ಬಾಡಿಗೆ ಪೂರ್ತಿ ಚಾಲಕರದ್ದು. 2025ರ ಫೆಬ್ರವರಿಯಲ್ಲಿ ಊಬರ್ ಕೂಡ ಆಟೋಗಳಿಗೆ ಇದೇ ರೀತಿಯ ಪದ್ಧತಿ ತಂದಿತು. ಅದರಲ್ಲಿ ಆ್ಯಪ್ ತೋರಿಸುವುದು ಒಂದು ಸೂಚನೆಯ ದರ ಮಾತ್ರ. ಕೊನೆಯ ಮೊತ್ತ ನಿಮ್ಮ ಮತ್ತು ಚಾಲಕರ ನಡುವೆ ತೀರ್ಮಾನ ಆಗಬೇಕು. ದುಡ್ಡು ಕೂಡ ನೇರವಾಗಿ ಅವರಿಗೇ, ಕ್ಯಾಶ್ ಅಥವಾ ಯುಪಿಐ.

ಹಾಗಾಗಿ ಆಟೋದಲ್ಲಿ ಹತ್ತುವ ಮುಂಚೆಯೇ ಮಾತು ಮುಗಿಸಿ. ಓಟಿಪಿ ಹೇಳುವ ಮೊದಲು, "ಅಣ್ಣಾ, ಆ್ಯಪ್‌ನಲ್ಲಿ 190 ತೋರಿಸ್ತಿದೆ, ಅಷ್ಟೇ ತಾನೇ?" ಅಂತ ಒಂದು ಮಾತು ಕೇಳಿ. ಹೂಂ ಅಂದ ಮೇಲೆ ಓಟಿಪಿ ಕೊಡಿ. ಹೆಚ್ಚಿನವರು ಒಪ್ಪಿದ ಮಾತಿಗೆ ನಿಲ್ಲುತ್ತಾರೆ. ಏನೂ ಮಾತಾಡದೆ ಹತ್ತಿ, ಇಳಿಯುವಾಗ ವಾದ ಮಾಡಿದರೆ ಇಬ್ಬರಿಗೂ ಕಷ್ಟ.

ಆ್ಯಪ್ ಬಿಟ್ಟು ಮೀಟರ್ ಮೇಲೆ ಹೋದರೆ ಟ್ರಾಫಿಕ್‌ಗೆ ಎಷ್ಟಾಗುತ್ತೆ?

ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಆಟೋದ ಮೀಟರ್ ದರ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18. ಕಾಯುವುದಕ್ಕೆ ಮೊದಲ 5 ನಿಮಿಷ ಪುಕ್ಕಟೆ, ಆಮೇಲೆ ಪ್ರತಿ 15 ನಿಮಿಷಕ್ಕೆ 10 ರೂಪಾಯಿ. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು.

10 ಕಿ.ಮೀ.ಗೆ 36 ಮತ್ತು 144 ಸೇರಿ 180. ಜಾಮ್‌ನಲ್ಲಿ 35 ನಿಮಿಷ ನಿಂತರೂ ಕಾಯುವ ದುಡ್ಡು 20 ರೂಪಾಯಿ. ಒಟ್ಟು 200. ಮೀಟರ್‌ನಲ್ಲಿ ಟ್ರಾಫಿಕ್ ಲೆಕ್ಕಕ್ಕೆ ಬರುತ್ತದೆ ನಿಜ, ಆದರೆ ನೀವು ಹೆದರುವಷ್ಟು ಅಲ್ಲ. ಮೀಟರ್ ಹಾಕುವ ಆಟೋ ಸಿಕ್ಕರೆ ಬಿಡಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಆ್ಯಪ್ ಆಟೋಗೆ ಈ ದರದ ಮೇಲೆ ಶೇ. 5 ಸೇವಾ ಶುಲ್ಕ ಮತ್ತು ಜಿಎಸ್‌ಟಿ ಮಾತ್ರ ಸೇರಿಸಬಹುದು ಎಂದು ಸಾರಿಗೆ ಇಲಾಖೆ 2022ರ ನವೆಂಬರ್‌ನಲ್ಲಿ ಆದೇಶ ಮಾಡಿತ್ತು. 2024ರ ಮೇ ತಿಂಗಳಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 10 ಕಿ.ಮೀ. ಆಟೋಗೆ ಹಗಲಿನಲ್ಲಿ 300 ತೋರಿಸಿದರೆ, ಆ ಲೆಕ್ಕವನ್ನು ಕೇಳುವ ಹಕ್ಕು ನಿಮಗಿದೆ.

ಟಿಪ್ ಸೇರಿಸಿದರೆ ಬೇಗ ಗಾಡಿ ಸಿಗುತ್ತೆ ಅನ್ನುತ್ತೆ. ಅದೂ ಬಾಡಿಗೆಯ ಭಾಗವಾ?

ಅಲ್ಲ. ಟಿಪ್ ನಿಮ್ಮ ಇಷ್ಟ, ಅದೂ ಕೆಲಸ ಮುಗಿದ ಮೇಲೆ. ಹತ್ತುವ ಮೊದಲೇ ಟಿಪ್ ಕೇಳುವ ಪದ್ಧತಿ ಬಗ್ಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ ಊಬರ್‌ಗೆ ನೋಟಿಸ್ ಕೊಟ್ಟಿತ್ತು. ಸೇರಿಸಿದ ಮೇಲೆ ಅದು ನೀವು ಒಪ್ಪಿದ ಮೊತ್ತ ಆಗಿಬಿಡುತ್ತದೆ. ಅವಸರದಲ್ಲಿ ಒತ್ತುವ ಮುಂಚೆ ಒಂದು ಕ್ಷಣ ಯೋಚಿಸಿ.

ಗಾಡಿ ನನ್ನ ಕಡೆ ಬರುವಾಗಲೇ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದೆ. ಕ್ಯಾನ್ಸಲ್ ಮಾಡಿದರೆ ದುಡ್ಡು ಹೋಗುತ್ತಾ?

ಹೋಗಬಹುದು. 2025ರ ಕೇಂದ್ರ ಮಾರ್ಗಸೂಚಿ ಪ್ರಕಾರ ಸರಿಯಾದ ಕಾರಣ ಇಲ್ಲದೆ ಕ್ಯಾನ್ಸಲ್ ಮಾಡಿದರೆ ಬಾಡಿಗೆಯ ಶೇ. 10, ಆದರೆ 100 ರೂಪಾಯಿಗಿಂತ ಜಾಸ್ತಿ ಇಲ್ಲ. ಚಾಲಕರು ಸುಮ್ನೆ ಕ್ಯಾನ್ಸಲ್ ಮಾಡಿದರೆ ಅವರಿಗೂ ಇದೇ. ಆ್ಯಪ್ 4 ನಿಮಿಷ ಎಂದು ಹೇಳಿ ಗಾಡಿ 20 ನಿಮಿಷವಾದರೂ ಬರದಿದ್ದರೆ, ಆ ಎರಡೂ ಹೊತ್ತಿನ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಕ್ಯಾನ್ಸಲ್ ಮಾಡಿ. ಕಾರಣದ ಪಟ್ಟಿಯಲ್ಲಿ ಗಾಡಿ ತಡ ಅನ್ನುವುದನ್ನೇ ಆರಿಸಿ. "ಪ್ಲಾನ್ ಬದಲಾಯಿತು" ಅಂತ ಒತ್ತಿದರೆ ತಪ್ಪು ನಿಮ್ಮದೇ ಅಂತ ದಾಖಲಾಗುತ್ತದೆ.

ಜಾಮ್ ತಪ್ಪಿಸಲು ಚಾಲಕರು ಬೇರೆ ದಾರಿ ಹಿಡಿಯೋಣ ಅಂದರೆ?

ಒಪ್ಪುವ ಮುಂಚೆ ಕೇಳಿ: "ಬಾಡಿಗೆ ಅಷ್ಟೇ ಇರುತ್ತಲ್ವಾ?" ಸುತ್ತು ಹಾಕಿದರೆ ದೂರ ಜಾಸ್ತಿಯಾಗಿ ಬಿಲ್ ಬದಲಾಗುವ ಸಾಧ್ಯತೆ ಇದೆ. ನೀವೇ ಹೇಳಿ ಬೇರೆ ದಾರಿ ಹಿಡಿಸಿದರೆ ಆ ಹೆಚ್ಚಿನದನ್ನು ವಾಪಸ್ ಕೇಳುವುದು ಕಷ್ಟ. ಅವರೇ ಹೇಳದೆ ತಿರುಗಿಸಿದ್ದರೆ ಆ್ಯಪ್‌ನಲ್ಲಿ ಹೋದ ದಾರಿಯ ನಕ್ಷೆ ಉಳಿದಿರುತ್ತದೆ. ಅದೇ ನಿಮ್ಮ ಸಾಕ್ಷಿ. ಆದರೂ ಒಂದು ಮಾತು. ಮಳೆ ಬಂದು ಅಂಡರ್‌ಪಾಸ್ ತುಂಬಿದೆ ಅಂತ ಚಾಲಕರು ಹೇಳಿದರೆ ನಂಬಿ. 2023ರ ಮೇ ತಿಂಗಳಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನ ನೀರಿನಲ್ಲಿ ಕಾರು ಸಿಕ್ಕಿ ಒಬ್ಬ ಯುವತಿ ಜೀವ ಕಳೆದುಕೊಂಡರು. ಅಂಥ ಹೊತ್ತಲ್ಲಿ ಬಾಡಿಗೆ ಲೆಕ್ಕ ಆಮೇಲೆ ನೋಡಿಕೊಳ್ಳೋಣ.

ಗಂಟೆ ಲೆಕ್ಕದ ರೆಂಟಲ್ ಕ್ಯಾಬ್‌ನಲ್ಲಿ?

ಅಲ್ಲಿ ಟ್ರಾಫಿಕ್ ಪೂರ್ತಿ ನಿಮ್ಮ ಜೇಬಿನದ್ದು. 2 ಗಂಟೆ 20 ಕಿ.ಮೀ. ಅನ್ನುವಂಥ ಪ್ಯಾಕೇಜ್‌ನಲ್ಲಿ ಗಂಟೆ ಮೀರಿದರೆ ನಿಮಿಷದ ಲೆಕ್ಕದಲ್ಲಿ ದುಡ್ಡು ಬೀಳುತ್ತದೆ. ಮದುವೆ ಓಡಾಟಕ್ಕೆ ಬುಕ್ ಮಾಡುವಾಗ ಒಂದು ಗಂಟೆ ಜಾಸ್ತಿಯ ಪ್ಯಾಕೇಜ್ ತೆಗೆದುಕೊಳ್ಳಿ. ಸಾಮಾನ್ಯವಾಗಿ ಅದೇ ಅಗ್ಗ.

ಸಾಕಾಗಿ ನಡುವೆಯೇ ಇಳಿದು ಮೆಟ್ರೋ ಹಿಡಿದರೆ ಬಾಡಿಗೆ ಕಡಿಮೆ ಆಗುತ್ತಾ?

ಸುಮ್ನೆ ಇಳಿದು ಹೋಗಬೇಡಿ. ಮೊದಲು ಆ್ಯಪ್‌ನಲ್ಲಿ ಇಳಿಯುವ ಜಾಗ ಬದಲಿಸಿ, ಹೊಸ ಮೊತ್ತ ನೋಡಿ. ಚಾಲಕರು ಅಲ್ಲೇ ಟ್ರಿಪ್ ಮುಗಿಸಿದ್ದನ್ನು ಖಚಿತ ಮಾಡಿಕೊಳ್ಳಿ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಕಡೆ ಹೋಗುವವರಿಗೆ ಇದು ಒಳ್ಳೆಯ ಉಪಾಯ.

ದೂರು ಎಲ್ಲಿ ಕೊಡಬೇಕು?

ಮೊದಲು ಆ್ಯಪ್‌ನ ಸಹಾಯ ವಿಭಾಗದಲ್ಲಿ, ಆ ಟ್ರಿಪ್ ಆರಿಸಿ ಬರೆಯಿರಿ. ಬುಕ್ ಮಾಡಿದಾಗಿನ ಮೊತ್ತದ ಸ್ಕ್ರೀನ್‌ಶಾಟ್ ಇದ್ದರೆ ಅರ್ಧ ಕೆಲಸ ಮುಗಿದಂತೆ. ಬುಕ್ ಒತ್ತುವ ಮೊದಲು ಒಂದು ಸ್ಕ್ರೀನ್‌ಶಾಟ್ ತೆಗೆಯುವುದನ್ನು ರೂಢಿ ಮಾಡಿಕೊಳ್ಳಿ. ಚುಟುಕಾಗಿ ಬರೆಯಿರಿ: ತೋರಿಸಿದ್ದು ಇಷ್ಟು, ತೆಗೆದುಕೊಂಡಿದ್ದು ಇಷ್ಟು, ಸ್ಟಾಪ್ ಸೇರಿಸಿಲ್ಲ, ದಾರಿ ಬದಲಿಸಿಲ್ಲ. ಅಲ್ಲಿ ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಮೊತ್ತ ಚಿಕ್ಕದು ಅಂತ ಬಿಡಬೇಡಿ. ನನಗೆ ಒಮ್ಮೆ 74 ರೂಪಾಯಿ ವಾಪಸ್ ಬಂತು, ಮೂರು ಸಾಲು ಬರೆದಿದ್ದಕ್ಕೆ.

ನಾನು ವಿದೇಶದಲ್ಲಿದ್ದೇನೆ. ಅಮ್ಮನಿಗೆ ಇಲ್ಲಿಂದ ಬುಕ್ ಮಾಡುತ್ತೇನೆ. ಚಾಲಕರು ಅವರ ಹತ್ತಿರ ಜಾಸ್ತಿ ಕೇಳುತ್ತಾರೆ. ಏನು ಮಾಡಲಿ?

ಈ ಪ್ರಶ್ನೆ ಕೇಳಿದವರು ಬಹಳ ಜನ. ವಯಸ್ಸಾದವರು ಗಾಡಿಯಲ್ಲಿ ಒಬ್ಬರೇ ಇದ್ದಾಗ ವಾದ ಮಾಡುವುದಿಲ್ಲ. ಕೇಳಿದ್ದನ್ನು ಕೊಟ್ಟುಬಿಡುತ್ತಾರೆ, ಆಮೇಲೆ ಮಕ್ಕಳಿಗೆ ಹೇಳುವುದೂ ಇಲ್ಲ. ಹಾಗಾಗಿ ಅವರಿಗೆ ಕ್ಯಾಬ್ ಬುಕ್ ಮಾಡಿ, ಆಟೋ ಬೇಡ. ದುಡ್ಡು ನಿಮ್ಮ ಕಡೆಯಿಂದ ಆನ್‌ಲೈನ್‌ನಲ್ಲೇ ಹೋಗುವ ಹಾಗೆ ಮಾಡಿ. ಗಾಡಿ ಹೊರಟ ಮೇಲೆ ಚಾಲಕರಿಗೆ ಒಂದು ಫೋನ್ ಮಾಡಿ: "ಅಣ್ಣಾ, ಅಮ್ಮ ಒಬ್ಬರೇ ಇದ್ದಾರೆ, ಬಾಡಿಗೆ ನಾನೇ ಆನ್‌ಲೈನ್‌ನಲ್ಲಿ ಕಟ್ಟಿದ್ದೇನೆ, ನಿಧಾನವಾಗಿ ಕರ್ಕೊಂಡು ಹೋಗಿ." ಅಮ್ಮನಿಗೂ ಒಂದೇ ಒಂದು ಮಾತು ಹೇಳಿಕೊಡಿ. ಯಾರಾದರೂ ಜಾಸ್ತಿ ಕೇಳಿದರೆ, "ನನ್ನ ಮಗಳಿಗೆ ಫೋನ್ ಮಾಡಿ ಕೊಡ್ತೀನಿ, ಅವಳ ಹತ್ತಿರ ಮಾತಾಡಪ್ಪ" ಅನ್ನಲಿ. ನಮ್ಮ ಪಕ್ಕದ ಮನೆಯ ಅಜ್ಜಿ ಡಯಾಲಿಸಿಸ್‌ಗೆ ವಾರಕ್ಕೆ ಎರಡು ಸಲ ಹೋಗುವಾಗ ಈ ಮಾತನ್ನೇ ಹೇಳುತ್ತಾರೆ. ಇಲ್ಲಿಯವರೆಗೆ ಯಾರೂ ಮಗಳಿಗೆ ಫೋನ್ ಮಾಡಿ ಕೊಡಿ ಅಂದಿಲ್ಲ.